ಗದ್ದೆಗೆ ಬರ್ತೇವೆ, ಮೆರವಣಿಗೆಗೆ ಬೇಡ

ದಕ್ಷಿಣ ಕನ್ನಡದ ನಮ್ಮ ಊರಿನಲ್ಲಿ ಕೆಲವು ವರ್ಷಗಳಿಂದ ಕಥೋಲಿಕರು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು, ಜೊತೆಗೆ ಬೆರಳೆಣಿಕೆಯ ಆರ್ಥೊಡಾಕ್ಸ್ ಮನೆಯವರು ಸೇರಿ ಪರಿಸರದ ಕೆಲಸ ಮಾಡುತ್ತಿದ್ದೇವೆ. ಕೂಟಕ್ಕೆ ಹೆಸರಿಲ್ಲ, ಬ್ಯಾನರ್ ಅಂತೂ ಇಲ್ಲವೇ ಇಲ್ಲ. ನನ್ನನ್ನು ಸಂಚಾಲಕ ಅನ್ನುತ್ತಾರೆ. ಫೋನ್ ಮಾಡಿ ಜನ ಸೇರಿಸುವುದು ನನ್ನ ಕೆಲಸ. ಬೇರೆ ಊರಿನವರು ವಿಚಾರಿಸಿದಾಗ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ದಿನಾಂಕ ಸಿದ್ಧವಿದೆ, ಹೊಸದು ಹುಡುಕಬೇಡಿ

ಕಾನ್‌ಸ್ಟಾಂಟಿನೋಪಲ್‌ನ ಆರ್ಥೊಡಾಕ್ಸ್ ಸಭೆಯ ಮುಖ್ಯಸ್ಥ ಒಂದನೇ ದಿಮಿತ್ರಿಯೋಸ್ 1989ರಲ್ಲಿ ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು ಸಾರಿದರು. 2015ರಲ್ಲಿ 'ಲೌದಾತೊ ಸಿ' ವಿಶ್ವಪತ್ರ ಹೊರಡಿಸಿದ ಪೋಪ್ ಫ್ರಾನ್ಸಿಸ್ ಅದೇ ದಿನವನ್ನು ಕಥೋಲಿಕರಿಗೂ ಗೊತ್ತುಮಾಡಿದರು. ಅಲ್ಲಿಂದ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗೆ ಅನೇಕ ಸಭೆಗಳು ಸೃಷ್ಟಿಯ ಋತುವನ್ನು ಆಚರಿಸುತ್ತವೆ. 2021ರ ಸೆಪ್ಟೆಂಬರಿನಲ್ಲಿ ಪೋಪ್ ಫ್ರಾನ್ಸಿಸ್, ದಿಮಿತ್ರಿಯೋಸರ ಉತ್ತರಾಧಿಕಾರಿ ಬಾರ್ತೊಲೊಮಿಯೋಸ್ ಮತ್ತು ಕ್ಯಾಂಟರ್ಬರಿಯ ಅಂದಿನ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಮೊದಲ ಬಾರಿಗೆ ಒಟ್ಟಾಗಿ ಪರಿಸರದ ಬಗ್ಗೆ ಹೇಳಿಕೆ ಕೊಟ್ಟರು. "ಇದು ಯಾರ ಕಾರ್ಯಕ್ರಮ?" ಎಂದು ಕೇಳುವವರು ಪ್ರತಿ ಚರ್ಚ್ ಸಮಿತಿಯಲ್ಲೂ ಇರುತ್ತಾರೆ. ಆ ಹೇಳಿಕೆಯ ಒಂದು ಪ್ರತಿ ಜೇಬಿನಲ್ಲಿಟ್ಟುಕೊಂಡು ಹೋಗಿ, ಚರ್ಚೆ ಬೇಗ ಮುಗಿಯುತ್ತದೆ.

2. ಸೆಪ್ಟೆಂಬರಿನಲ್ಲಿ ಗಿಡ ನೆಡಬೇಡಿ

ಸೃಷ್ಟಿಯ ಋತು ಯುರೋಪಿನ ಲೆಕ್ಕದಲ್ಲಿದೆ, ಮಳೆ ನಮ್ಮ ಲೆಕ್ಕದಲ್ಲಿ. ಸೆಪ್ಟೆಂಬರಿನಲ್ಲಿ ನೆಟ್ಟ ಸಸಿ ಬೇರು ಹಿಡಿಯುವಷ್ಟರಲ್ಲಿ ಮಳೆ ನಿಂತಿರುತ್ತದೆ. ಮಾರ್ಚಿನ ಬಿಸಿಲು ತಡೆಯುವುದಿಲ್ಲ. ನಾವು ಜೂನಿನಲ್ಲಿ ನೆಟ್ಟು, ಸೆಪ್ಟೆಂಬರಿನಲ್ಲಿ ಬದುಕಿದ್ದೆಷ್ಟು ಎಂದು ಎಣಿಸಿ, ಕಳೆ ಕಿತ್ತು, ಬುಡಕ್ಕೆ ಸೊಪ್ಪು ಹಾಕುತ್ತೇವೆ. ಪತ್ರಿಕೆಗೆ ಫೋಟೋ ಸಿಗುವುದು ನೆಡುವಾಗ ಮಾತ್ರ, ಆದ್ದರಿಂದ ಎಣಿಕೆಗೆ ಬರುವವರು ಕಡಿಮೆ. ಬಂದವರೇ ನಿಜವಾದ ಸದಸ್ಯರು ಎಂದು ತಿಳಿಯಿರಿ.

3. ಬಲಿಪೀಠದಲ್ಲಿ ಆಗದ್ದು ಗದ್ದೆಯಲ್ಲಿ ಆಗುತ್ತದೆ

ಸೆಪ್ಟೆಂಬರ್ 8 ಕರಾವಳಿಯ ಕಥೋಲಿಕರಿಗೆ ಮೊಂತಿ ಹಬ್ಬ, ಮರಿಯಮ್ಮನ ಜನ್ಮದಿನ. ಅದಕ್ಕೆ ಮುಂಚಿನ ದಿನಗಳಲ್ಲಿ ಮಕ್ಕಳು ಹೂ ಅರ್ಪಿಸುತ್ತಾರೆ, ಹಬ್ಬದ ದಿನ ಹೊಸ ಭತ್ತದ ತೆನೆ ಆಶೀರ್ವಾದವಾಗಿ ಮನೆಮನೆಗೆ ಹೋಗುತ್ತದೆ, ಮಧ್ಯಾಹ್ನ ತರಕಾರಿ ಊಟ. ಸೃಷ್ಟಿಯ ಋತುವಿನೊಳಗೇ ಬರುವ, ಬೆಳೆಗೆ ಸಂಬಂಧಪಟ್ಟ ಹಬ್ಬ. ಇದಕ್ಕಿಂತ ಒಳ್ಳೆಯ ಸಂದರ್ಭ ಯಾವುದು ಎಂದುಕೊಂಡು ನಾವು ಸಿಎಸ್‌ಐಯವರನ್ನು ಕರೆಯಹೋದೆವು. ಅವರಲ್ಲಿ ಮರಿಯಮ್ಮನ ಮೆರವಣಿಗೆಯ ಪದ್ಧತಿ ಇಲ್ಲ. ಸಭೆಯ ಹಿರಿಯರೊಬ್ಬರು ನೇರವಾಗಿ ಹೇಳಿದರು: "ಗದ್ದೆಗೆ ಬೇಕಾದರೆ ಬರ್ತೇವೆ ಮಾರಾಯ್ರೆ, ಮೆರವಣಿಗೆಗೆ ಬೇಡ."

ಅದೇ ನಮ್ಮ ಒಪ್ಪಂದವಾಯಿತು. ತೆನೆ ಬೇಕು, ಆದರೆ ಊರಲ್ಲಿ ಬೇಸಾಯ ಎಲ್ಲಿದೆ? ಹಬ್ಬ ಬಂದಾಗ ಯಾರ ಗದ್ದೆಯಿಂದ ತೆನೆ ತರುವುದೆಂದು ಹುಡುಕಾಡುವ ಚರ್ಚುಗಳಿವೆ. ಸಿಎಸ್‌ಐ ಕುಟುಂಬವೊಂದರ ಗದ್ದೆ ಹಡಿಲು ಬಿದ್ದಿತ್ತು. ಎರಡೂ ಕಡೆಯ ಯುವಕರು ಅದನ್ನು ಹಸನು ಮಾಡಿ ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ ಹಾಕಿದರು. ಲೆಕ್ಕ ಸರಳ: ಎಂಒ4 ತಳಿಗೆ ನಾಲ್ಕು ತಿಂಗಳಿಗಿಂತ ತುಸು ಹೆಚ್ಚು ಬೇಕು, ಕೊಯ್ಲಿಗೆ ಸುಮಾರು ಒಂದು ತಿಂಗಳಿರುವಾಗ ತೆನೆ ಹೊರಬರುತ್ತದೆ. ಸೆಪ್ಟೆಂಬರ್ 8ಕ್ಕೆ ತೆನೆ ಕೈಗೆ ಬರಬೇಕಾದರೆ ಮೇ ಕೊನೆಯಲ್ಲಾದರೂ ಬೀಜ ಬೀಳಬೇಕು.

ಈಗ ಒಂದೇ ಗದ್ದೆಯ ತೆನೆ ಮೊಂತಿ ಹಬ್ಬಕ್ಕೆ ಹೋಗುತ್ತದೆ, ಆಮೇಲೆ ಕೊಯ್ದ ಅಕ್ಕಿ ಸಿಎಸ್‌ಐಯವರ ಬೆಳೆ ಹಬ್ಬದ ಏಲಂಗೆ. ನೇಜಿ (ಭತ್ತದ ಸಸಿ) ನೆಡುವಾಗ ಯಾರು ಯಾವ ಚರ್ಚು ಎಂದು ಕೇಳಿದವರಿಲ್ಲ. ಯಾರ ಸಾಲು ಡೊಂಕು ಎಂಬುದಕ್ಕೆ ಮಾತ್ರ ಜಗಳ. ಒಟ್ಟಿಗೆ ಪರಮಪ್ರಸಾದ ಸ್ವೀಕರಿಸಲು ನಿಯಮ ಬಿಡುವುದಿಲ್ಲ. ಅದನ್ನು ಬದಲಿಸುವುದು ನಮ್ಮಂಥವರ ಕೈಯಲ್ಲಿಲ್ಲ. ಒಟ್ಟಿಗೆ ಗಂಜಿ ಊಟಕ್ಕೆ ಯಾವ ನಿಯಮದ ಅಡ್ಡಿಯೂ ಇಲ್ಲ.

ಮಕ್ಕಳ ಹೂವಿನ ಬಗ್ಗೆಯೂ ಒಂದು ಮಾತು. ಪೇಟೆಯ ಸೇವಂತಿಗೆ ಬುಟ್ಟಿಗೆ ಬರತೊಡಗಿದ ಮೇಲೆ ಬೇಲಿಯ ಕಡೆ ನೋಡುವವರಿಲ್ಲ. ಎರಡೂ ಚರ್ಚುಗಳ ಭಾನುವಾರದ ತರಗತಿಯವರನ್ನು ಒಟ್ಟಿಗೆ ಕರೆದುಕೊಂಡು ಗದ್ದೆಯ ಹುಣಿಯ ಮೇಲೆ ನಡೆಸಿ. ಕೇಪುಳ, ಶಂಖಪುಷ್ಪ, ಕರ್ಣಕುಂಡಲ ಗುರುತಿಸಲು ಹೇಳಿ. ಬೋಧನೆ ಬೇಡ.

4. ಊಟದ ತಟ್ಟೆಗೂ ಕಾಲ ನೋಡಿ

2019ರ ಆಗಸ್ಟಿನ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರ ಎಂಬ ಜಾಗದ ಮನೆ, ಅಡಿಕೆ ತೋಟಗಳ ಮೇಲೆ ಬಂದಿತ್ತು. ಪಚ್ಚನಾಡಿಗೆ ಹೋಗುವ ಕಸದಲ್ಲಿ ಚರ್ಚ್ ಹಾಲ್‌ಗಳ ಮದುವೆ ಊಟದ ಪಾಲೂ ಇರುತ್ತದೆ. ರಾಜ್ಯದಲ್ಲಿ 2016ರಿಂದ, ದೇಶದಲ್ಲಿ 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ನಿಷೇಧವಿದೆ. ಕಾನೂನು ತೋರಿಸಿದರೆ ಅಡುಗೆಯವರು ನಗುತ್ತಾರೆ. ಬದಲಿ ತಟ್ಟೆ ಕೈಗೆ ಕೊಡಬೇಕು.

ಸ್ಟೀಲ್ ತಟ್ಟೆಗಳನ್ನು ಒಂದು ಚರ್ಚ್ ಕೊಂಡು ಎಲ್ಲರಿಗೂ ಎರವಲು ಕೊಡುವುದು ಒಳ್ಳೆಯದು. ಆದರೆ ತಪಸ್ಸುಕಾಲದಲ್ಲಿ ಕಥೋಲಿಕರ ಮದುವೆ ನಡೆಯುವುದಿಲ್ಲವಾದ್ದರಿಂದ ಈಸ್ಟರ್ ಆದಮೇಲೆ ಏಪ್ರಿಲ್, ಮೇಯಲ್ಲಿ ಸಾಲುಸಾಲು ಮದುವೆ. ಬಾವಿಯ ತಳ ಕಾಣುವುದೂ ಆಗಲೇ. ಸಾವಿರ ತಟ್ಟೆ ತೊಳೆಯುವ ನೀರು ಎಲ್ಲಿಂದ ತರುವುದು? ಆ ಎರಡು ತಿಂಗಳು ನಾವು ಅಡಿಕೆ ಹಾಳೆ ತಟ್ಟೆಗೆ ಹೋಗುತ್ತೇವೆ. ಮಳೆ ಬಿದ್ದ ಮೇಲೆ ಮತ್ತೆ ಸ್ಟೀಲ್. ವರ್ಷವಿಡೀ ಒಂದೇ ನಿಯಮ ಬೇಕು ಎನ್ನುವ ಶುದ್ಧವಾದಿಗಳು ಒಮ್ಮೆ ತೊಳೆಯಲು ಬರಲಿ.

5. ಮಾಡು ಅಳೆಯಿರಿ

ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ. ಎಂದು ಹಿಡಿದರೂ 500 ಚದರ ಮೀಟರಿನ ಚರ್ಚ್ ಮಾಡಿನಿಂದ 17.5 ಲಕ್ಷ ಲೀಟರ್ ಇಳಿಯುತ್ತದೆ. ಕಾಲು ಭಾಗ ಪೋಲಾಯಿತೆಂದರೂ 13 ಲಕ್ಷ. ಇಷ್ಟು ನೀರು ಚರಂಡಿಗೆ ಬಿಟ್ಟು, ಬೇಸಗೆಯಲ್ಲಿ ತುಂಬೆ ಅಣೆಕಟ್ಟಿನ ಮಟ್ಟ ಎಷ್ಟು ಎಂದು ಪೇಪರ್ ನೋಡುತ್ತ ಕೂರುತ್ತೇವೆ. ದಂಬೆ, ಪೈಪು, ಮರಳು ಜಲ್ಲಿಯ ಸೋಸು ತೊಟ್ಟಿ, ಅಲ್ಲಿಂದ ಬಾವಿಗೆ. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡಲು ಒಂದು ಮುಚ್ಚಳ ಮರೆಯಬೇಡಿ.

ಎಲ್ಲರನ್ನೂ ಒಪ್ಪಿಸಿದ್ದು ಈ ಅಂಕಿಯೇ. ಅಂಕಿಗೆ ಚರ್ಚಿನ ಭೇದವಿಲ್ಲ, ಮಾಡಿಗೂ ಇಲ್ಲ: 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ಮತಭೇದ ನೋಡದೆ ಎಲ್ಲರ ಮಾಡಿಗೂ ಏರಿದೆ.

6. ಜಂಟಿ ಖಾತೆ ತೆರೆಯಬೇಡಿ

ಹಣ ಒಂದೇ ಪೆಟ್ಟಿಗೆಗೆ ಬಿದ್ದ ದಿನ ಕೂಟ ಒಡೆಯಲು ಶುರುವಾಗುತ್ತದೆ. ಪೈಪಿನ ಬಿಲ್ಲು ಆಯಾ ಚರ್ಚಿನದು, ಉಳುಮೆಯ ಬಾಡಿಗೆ ಈ ವರ್ಷ ಇವರು, ಮುಂದಿನ ವರ್ಷ ಅವರು.

7. ಫಾದರ್ ಒಪ್ಪಿದರೆ ಸಾಲದು

ಧರ್ಮಗುರುಗಳಿಗೂ ಸಭಾಪಾಲಕರಿಗೂ ಕೆಲವು ವರ್ಷಕ್ಕೊಮ್ಮೆ ವರ್ಗವಾಗುತ್ತದೆ. ಉತ್ಸಾಹಿಗಳೊಬ್ಬರು ಹೋದರೆ ಬಂದವರಿಗೆ ಬೇರೆ ಆಸಕ್ತಿ ಇರಬಹುದು. ಅದು ಅವರ ತಪ್ಪಲ್ಲ. ಊರಿನಲ್ಲಿ ಉಳಿಯುವವರು ವಾರ್ಡಿನ ಗುರ್ಕಾರರು, ಸಭಾ ಹಿರಿಯರು, ಎರಡೂ ಕಡೆಯ ಮಹಿಳಾ ಸಂಘದವರು. ತಟ್ಟೆಯ ಕಪಾಟಿನ ಕೀಲಿಕೈ ಸ್ತ್ರೀ ಸಂಘಟನೆಯ ಕೈಯಲ್ಲಿರಲಿ. ನಮ್ಮಲ್ಲಿ ಆ ಕೀಲಿ ಅವರ ಕೈಗೆ ಹೋದ ಮೇಲೆ ಎರವಲು ಹೋದ ಒಂದು ಚಮಚವೂ ಲೆಕ್ಕ ತಪ್ಪಿಲ್ಲ.

8. ಏಪ್ರಿಲಿನಲ್ಲೇ ಮಾತಾಡಿ

ಬೇಸಾಯ ನಿಲ್ಲಿಸಿ ಗದ್ದೆ ಹಡಿಲು ಬಿಟ್ಟ ಕುಟುಂಬ ನಿಮ್ಮ ಚರ್ಚಿನಲ್ಲೂ ಇದ್ದೀತು, ಎದುರಿನ ಚರ್ಚಿನಲ್ಲೂ ಇದ್ದೀತು. ವಿಚಾರ ಸಂಕಿರಣಕ್ಕೆ ಕಾಯದೆ, ಈಸ್ಟರ್ ಮುಗಿದ ವಾರವೇ ಇಬ್ಬರು ಹೋಗಿ ಕೇಳಿ. ಒಪ್ಪಿದರೆ ಆ ದಿನವೇ ಟಿಲ್ಲರಿನವನಿಗೆ ಮುಂಗಡ ಕೊಟ್ಟುಬಿಡಿ. ಮೇ ಕೊನೆಗೆ ಅವನು ಯಾರ ಫೋನನ್ನೂ ಎತ್ತುವುದಿಲ್ಲ.