ಬೆನ್ನ ಹಿಂದಿನ ದೀಪ

ಗಾಡಿ ತೊಳೆಯುತ್ತೀರಿ, ಆಯುಧಪೂಜೆಗೆ ಚಕ್ರದಡಿ ನಿಂಬೆಹಣ್ಣು ಇಡುತ್ತೀರಿ, ಬೂದುಗುಂಬಳ ಒಡೆಯುತ್ತೀರಿ. ಬಹಳ ಸಂತೋಷ. ಆದರೆ ಹಿಂದಿನ ಬಲಗಡೆ ಇಂಡಿಕೇಟರ್ ಹತ್ತುತ್ತಿದೆಯೇ ಎಂದು ಕೊನೆಯ ಸಲ ನೋಡಿದ್ದು ಯಾವಾಗ, ಹೇಳಿ? ನೆನಪಾಗುತ್ತಿಲ್ಲ ಅಲ್ಲವೇ? ಇರಲಿ, ಇವತ್ತೇ ನೋಡಿಕೊಳ್ಳಿ. ಹಾಗೆಯೇ ಪೂಜೆಯ ಚೆಂಡುಹೂವಿನ ಹಾರ ದೀಪದ ಮೇಲೆ ಇಳಿಬಿದ್ದಿದ್ದರೆ ತೆಗೆದುಬಿಡಿ. ಗಾಜಿಗೆ ಮೆತ್ತಿದ ಕುಂಕುಮ, ವಿಭೂತಿಯನ್ನೂ ಒರೆಸಿ.

ಹೆಬ್ಬಾಳದ ಹತ್ತಿರ ಬಳ್ಳಾರಿ ರಸ್ತೆಯಲ್ಲಿ ಒಂದು ಗಳಿಗೆ ನಿಂತು ನೋಡಿ. ಮೇಲ್ಸೇತುವೆಯಿಂದ ಇಳಿಯುವವರು, ನಾಗವಾರದ ಕಡೆಯಿಂದ ಹೊರವರ್ತುಲ ರಸ್ತೆಯಲ್ಲಿ ಬಂದು ಸೇರುವವರು, ಸರ್ವಿಸ್ ರಸ್ತೆಯಿಂದ ಮೂತಿ ತೂರಿಸುವ ಬಸ್ಸುಗಳು. ಯಾರ ಮುಖವೂ ಯಾರಿಗೂ ಕಾಣದು. ಎಡಕ್ಕೆ ಸರಿಯುತ್ತೇನಪ್ಪಾ ಎಂದು ಹಿಂದಿನವನಿಗೆ ಹೇಳಲು ನಿಮಗಿರುವ ಬಾಯಿ ಆ ಹಳದಿ ದೀಪವೊಂದೇ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಗಾಡಿ 3 ಸೆಕೆಂಡಿನಲ್ಲಿ 50 ಮೀಟರ್ ದಾಟಿಬಿಡುತ್ತದೆ. ತಿರುಗುತ್ತಾ ತಿರುಗುತ್ತಾ ಇಂಡಿಕೇಟರ್ ಹಾಕಿದರೆ ಅವನು ಏನು ಮಾಡಬೇಕು? ಮೊದಲು ದೀಪ, ಆಮೇಲೆ ಕನ್ನಡಿ, ಆಮೇಲೆ ಸ್ಟೇರಿಂಗ್. ಈ ಕ್ರಮ ತಪ್ಪಿಸಬೇಡಿ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಬೆನ್ನ ಹಿಂದಿನ ದೀಪಕ್ಕೆ ಬೇಕೇ ಬೇಕು. ಮುಸ್ಸಂಜೆಯ ಹೊತ್ತು ಗಾಡಿಯ ಹಿಂಭಾಗವನ್ನು ಗೋಡೆಗೋ ಅಂಗಡಿಯ ಮುಚ್ಚಿದ ಶಟರಿಗೋ ಎದುರಾಗಿ ನಿಲ್ಲಿಸಿ, ಎಡ ಇಂಡಿಕೇಟರ್ ಹಾಕಿ. ಗೋಡೆಯ ಮೇಲೆ ಹಳದಿ ಬೆಳಕು ಮಿಣುಕುವುದು ಕನ್ನಡಿಯಲ್ಲೇ ಕಾಣುತ್ತದೆ. ಆಮೇಲೆ ಬಲ. ಇಳಿದು ಮುಂದಿನವನ್ನೂ ಪಕ್ಕದವನ್ನೂ ನೋಡಿ. ಮನೆಯಲ್ಲಿ ಮಗುವಿದ್ದರೆ ಹಿಂದೆ ನಿಲ್ಲಿಸಿ ಕೇಳಿ, ಅದಕ್ಕೂ ಒಂದು ಆಟ. ಎಂಜಿನ್ ಮಾತ್ರ ಆಫ್ ಆಗಿರಲಿ.

ಮಿಣುಕಿದರೆ ಸಾಲದು, ಎಣಿಸಿ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ನಿಮಿಷಕ್ಕೆ 60ರಿಂದ 120 ಸಲ ಮಿಣುಕಬೇಕು. 10 ಸೆಕೆಂಡು ಎಣಿಸಿದರೆ 10ರಿಂದ 20ರೊಳಗೆ ಬರಬೇಕು. ಒಂದು ಕಡೆಯ ಸದ್ದು ಇದ್ದಕ್ಕಿದ್ದಂತೆ ಅವಸರದ ಟಿಕಟಿಕವಾದರೆ ಆ ಕಡೆಯ ಬಲ್ಬೊಂದು ಹೋಗಿರುವುದೇ ಹೆಚ್ಚು. ಕರೆಂಟು ಕಡಿಮೆ ಎಳೆದದ್ದು ದೀಪ ಮಿಣುಕಿಸುವ ಫ್ಲ್ಯಾಶರ್‌ಗೆ ಗೊತ್ತಾಗಿ ಅದು ಓಡತೊಡಗುತ್ತದೆ. ಮಾಮೂಲಿ ಬಲ್ಬು ತೆಗೆದು ಎಲ್‌ಇಡಿ ಹಾಕಿಸಿದಾಗಲೂ ಹೀಗಾಗುವುದುಂಟು. ಅದಕ್ಕೆ ತಕ್ಕ ಫ್ಲ್ಯಾಶರನ್ನೂ ಕೇಳಿ ಹಾಕಿಸಿಕೊಳ್ಳಿ.

ಯಲಹಂಕ ನ್ಯೂಟೌನಿನಿಂದ ಹೊರಟಿದ್ದ ನನ್ನ ಸ್ಕೂಟರಿಗೂ ಒಮ್ಮೆ ಇದೇ ಟಿಕಟಿಕ ಬಂದಿತ್ತು. ಎರಡು ದಿನ ಹಾಗೇ ಓಡಿಸಿದೆ. ಕೊಡಿಗೇಹಳ್ಳಿ ಹತ್ತಿರ ಒಬ್ಬ ಹುಡುಗ ಪಕ್ಕಕ್ಕೆ ಬಂದು, "ಆಂಟಿ, ರೈಟ್ ಇಂಡಿಕೇಟರ್ ಹತ್ತುತ್ತಿಲ್ಲ" ಎಂದ. ಬಿಚ್ಚಿಸಿ ನೋಡಿದರೆ ಬಲ್ಬು ಚೆನ್ನಾಗಿಯೇ ಇತ್ತು. ಮಳೆನೀರು ಇಳಿದು ಹೋಲ್ಡರಿನ ತಳದಲ್ಲಿ ಹಸಿರು ಕಿಲುಬು ಕಟ್ಟಿತ್ತು. ಮೆಕ್ಯಾನಿಕ್ ಉಪ್ಪುಕಾಗದದಿಂದ ಎರಡು ಸಲ ಉಜ್ಜಿದ, ದೀಪ ಹತ್ತಿತು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವವರೆಗೆ ಯಾಕೆ ಕಾಯಬೇಕು? ಗಾಜಿನೊಳಗೆ ಬೆವರಿನಂತೆ ಹನಿ ಕಂಡರೆ ಆ ವಾರವೇ ಬಿಚ್ಚಿಸಿ. ಹಳೆಯ ಬಲ್ಬಿನ ಕಿತ್ತಳೆ ಬಣ್ಣ ಸುಲಿದು ಬೆಳಕು ಬೆಳ್ಳಗಾಗಿದ್ದರೂ ಬದಲಿಸಿ.

ಬೈಕಿನವರಿಗೆ ಇನ್ನೊಂದು ಮಾತು. ಮುರಿದ ಇಂಡಿಕೇಟರನ್ನು ಟೇಪು ಸುತ್ತಿ ವೈರಿನಲ್ಲಿ ನೇತಾಡಿಸಬೇಡಿ. ಅದು ನೆಲಕ್ಕೆ ದಾರಿ ತೋರಿಸುತ್ತದೆಯೇ ಹೊರತು ಹಿಂದಿನವನಿಗಲ್ಲ. ತಿರುಗಿದ ಮೇಲೆ ಆಫ್ ಮಾಡುವುದನ್ನೂ ಮರೆಯಬೇಡಿ. ಕಾರಿನ ಸ್ಟೇರಿಂಗ್ ತಾನೇ ಆಫ್ ಮಾಡುತ್ತದೆ, ಹೆಚ್ಚಿನ ಬೈಕುಗಳಲ್ಲಿ ಅದು ನಿಮ್ಮ ಹೆಬ್ಬೆರಳಿನ ಕೆಲಸ. ಯಲಹಂಕದಿಂದ ಜಕ್ಕೂರಿನವರೆಗೂ ಬಲಗಡೆ ಮಿಣುಕಿಸುತ್ತಾ ನೇರ ಹೋಗುವವರನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ.

ಈಗ ಹಜಾರ್ಡ್ ಲೈಟು. ನನಗೆ ನಿಜಕ್ಕೂ ಸಿಟ್ಟು ಬರುವುದು ಇಲ್ಲಿಯೇ. ನೇರ ಹೋಗುತ್ತೇನೆ ಎಂದು ತೋರಿಸಲು ನಾಲ್ಕೂ ದೀಪ ಹಾಕುತ್ತೀರಲ್ಲ, ಅದನ್ನು ಯಾರು ಕಲಿಸಿದರು? ಆರ್.ಟಿ. ನಗರದ ಅಡ್ಡರಸ್ತೆಯಲ್ಲಿ ನಿಮ್ಮ ಎಡಗಡೆಯಿಂದ ಬರುವವನಿಗೆ ಕಾಣುವುದು ನಿಮ್ಮ ಎಡ ಮೂಲೆಯ ದೀಪ ಮಾತ್ರ. ಇವರು ತಿರುಗುತ್ತಾರೆ ಎಂದುಕೊಂಡು ಅವನು ನುಗ್ಗುತ್ತಾನೆ, ನೀವು ನೇರ ಹೋಗುತ್ತೀರಿ. ನೇರ ಹೋಗುವವರಿಗೆ ಯಾವ ದೀಪವೂ ಬೇಡ. ಚಳಿಗಾಲದ ಬೆಳಗ್ಗೆ ದೇವನಹಳ್ಳಿ, ನಂದಿಬೆಟ್ಟದ ಕಡೆ ಮಂಜು ಕವಿದಾಗಲೂ ಚಲಿಸುತ್ತಾ ಹಜಾರ್ಡ್ ಹಾಕಬೇಡಿ. ನಿಂತಿದ್ದೀರೋ ಹೋಗುತ್ತಿದ್ದೀರೋ ಹಿಂದಿನವನಿಗೆ ತಿಳಿಯದು, ಪಥ ಬದಲಿಸಿದರೂ ತೋರಿಸಲಾಗದು. ಲೋ ಬೀಮ್ ಹಾಕಿ, ವೇಗ ಇಳಿಸಿ, ಅಷ್ಟು ಸಾಕು. ಸಂಕಟ ಬಂದಾಗ ವೆಂಕಟರಮಣ ಅನ್ನುವುದು ಈ ಸ್ವಿಚ್ಚಿನ ಮಟ್ಟಿಗೆ ಸರಿಯಾದ ನಡತೆ. ತುಮಕೂರು ರಸ್ತೆಯಲ್ಲಿ ಗೊರಗುಂಟೆಪಾಳ್ಯ ದಾಟಿ ಟೈರ್ ಪಂಕ್ಚರ್ ಆಯಿತೇ, ಎಂಜಿನ್ ನಿಂತಿತೇ, ಆಗ ಕೆಂಪು ತ್ರಿಕೋನದ ಗುಂಡಿ ಒತ್ತಿ. ಡಿಕ್ಕಿಯಲ್ಲಿರುವ ತ್ರಿಕೋನ ಫಲಕವನ್ನು ಸಾಕಷ್ಟು ಹಿಂದೆ ಇಡಿ. ಕಾರಿನ ಹಜಾರ್ಡ್ ಕೀಲಿ ತೆಗೆದ ಮೇಲೂ ಉರಿಯಬೇಕು. ಗೋಡೆಯ ಮುಂದೆ ನಿಂತಾಗ ಅದನ್ನೂ ಪರೀಕ್ಷಿಸಿ.

ಹಳದಿ ಬೋರ್ಡಿನ ಗಾಡಿಗಳು ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಪರೀಕ್ಷೆಗೆ ಹೋಗಬೇಕು. ನಿಮ್ಮ ಸ್ವಂತ ಗಾಡಿ ಕೆಎ 50 ಇರಲಿ, ಕೆಎ 04 ಇರಲಿ, 15 ವರ್ಷ ತುಂಬಿ ನೋಂದಣಿ ನವೀಕರಿಸುವವರೆಗೆ ಆರ್‌ಟಿಒ ಅದನ್ನು ಕರೆದು ನೋಡುವುದಿಲ್ಲ. ಅಷ್ಟು ವರ್ಷವೂ ನಿಮ್ಮ ಗಾಡಿಗೆ ನೀವೇ ಇನ್ಸ್‌ಪೆಕ್ಟರ್.

ಭಾನುವಾರ ತರಕಾರಿಗೆಂದು ಯಶವಂತಪುರದ ಕಡೆ ಹೋಗುತ್ತೀರಲ್ಲ, ಬರುವಾಗ ನಿಮ್ಮ ಗಾಡಿಗೆ ಹೊಂದುವ ಎರಡು ಬಲ್ಬು ತಂದುಬಿಡಿ. ಹಳೆಯದನ್ನು ಅಂಗಡಿಯವನಿಗೆ ತೋರಿಸಿಯೇ ಕೇಳಿ. ಕಾಗದದಲ್ಲಿ ಸುತ್ತಿ ಡ್ಯಾಶ್‌ಬೋರ್ಡಿನ ಡಬ್ಬದಲ್ಲೋ ಸೀಟಿನಡಿಯಲ್ಲೋ ಇಡಿ. ಆ ಸಂಜೆಯೇ ಗಾಡಿಯನ್ನು ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ.