ಜಾನುವಾರು ವಧೆ ನಿಯಂತ್ರಣ: ಕರ್ನಾಟಕದ ಕಾನೂನು

ಸಂವಿಧಾನದ ನೆಲೆ
• 48ನೇ ವಿಧಿ (ರಾಜ್ಯ ನೀತಿ ನಿರ್ದೇಶಕ ತತ್ವ): ಹಸು, ಕರು ಹಾಗೂ ಇತರ ಹಾಲು ಕೊಡುವ, ಉಳುಮೆಯ ಜಾನುವಾರುಗಳ ವಧೆ ನಿಷೇಧಕ್ಕೆ ಕ್ರಮ.
• 7ನೇ ಅನುಸೂಚಿ: ಜಾನುವಾರು ಸಂರಕ್ಷಣೆ ರಾಜ್ಯ ಪಟ್ಟಿಯ 15ನೇ ನಮೂದು, ಪ್ರಾಣಿಹಿಂಸೆ ತಡೆ ಸಮವರ್ತಿ ಪಟ್ಟಿಯ 17ನೇ ನಮೂದು. ಆದ್ದರಿಂದಲೇ ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬೇರೆ.

1964ರ ಕಾಯ್ದೆ
• ಹಸು, ಹಸುವಿನ ಕರು, ಎಮ್ಮೆ ಕರುಗಳ ವಧೆ ನಿಷಿದ್ಧ.
• 12 ವರ್ಷ ಮೀರಿದ ಎತ್ತು, ಎಮ್ಮೆ, ಕೋಣಗಳ ವಧೆಗೆ ಪ್ರಮಾಣಪತ್ರ ಪಡೆದು ಅವಕಾಶವಿತ್ತು.

2020ರ ಕಾಯ್ದೆ
• ಹೆಸರು: ಕರ್ನಾಟಕ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಅಧಿನಿಯಮ.
• ಜಾರಿ: 18 ಜನವರಿ 2021, ಮೊದಲು ಸುಗ್ರೀವಾಜ್ಞೆಯಾಗಿ. ವಿಧಾನ ಪರಿಷತ್ತಿನ ಒಪ್ಪಿಗೆ ಫೆಬ್ರವರಿ 2021ರಲ್ಲಿ.
• ವ್ಯಾಪ್ತಿ: ಎಲ್ಲ ವಯಸ್ಸಿನ ಹಸು, ಕರು, ಹೋರಿ, ಎತ್ತು; 13 ವರ್ಷದೊಳಗಿನ ಎಮ್ಮೆ, ಕೋಣ. ಕುರಿ, ಮೇಕೆ ಸೇರಿಲ್ಲ.
• ಶಿಕ್ಷೆ: 3ರಿಂದ 7 ವರ್ಷ ಸೆರೆವಾಸ ಅಥವಾ ಪ್ರತಿ ಜಾನುವಾರಿಗೆ ಕನಿಷ್ಠ ₹50,000, ಗರಿಷ್ಠ ₹5 ಲಕ್ಷ ದಂಡ, ಇಲ್ಲವೇ ಎರಡೂ.
• ಶೋಧ, ಜಪ್ತಿ: ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿ ಅಥವಾ ಸಕ್ಷಮ ಪ್ರಾಧಿಕಾರ.
• ಚರ್ಚೆ: ಹಾಲು ಬತ್ತಿದ ಹಸು, ದುಡಿಯಲಾರದ ಎತ್ತಿನ ಮೇವಿನ ಖರ್ಚು ರೈತನ ಮೇಲೆಯೇ ಬೀಳುತ್ತದೆ, ಗೋಶಾಲೆಗಳ ಸಾಮರ್ಥ್ಯ ಸೀಮಿತ.

ಕೇಂದ್ರದ ನಿಯಮ
• 2001ರ ಕಸಾಯಿಖಾನೆ ನಿಯಮಗಳು: ಗಬ್ಬದ ಪ್ರಾಣಿ, 3 ತಿಂಗಳೊಳಗಿನ ಮರಿ ವಧಿಸುವಂತಿಲ್ಲ. ಒಬ್ಬ ಪಶುವೈದ್ಯರು ಗಂಟೆಗೆ 12, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿ ಪರೀಕ್ಷಿಸುವಂತಿಲ್ಲ.

ಪ್ರಮುಖ ತೀರ್ಪುಗಳು
• ಮೊಹಮ್ಮದ್ ಹನೀಫ್ ಖುರೇಷಿ (1958): ಉಪಯುಕ್ತವಲ್ಲದ ಎತ್ತು, ಎಮ್ಮೆಗಳ ವಧೆಗೆ ಪೂರ್ಣ ನಿಷೇಧ ಸಲ್ಲದು.
• ಮಿರ್ಜಾಪುರ್ ಪ್ರಕರಣ (2005): 7 ನ್ಯಾಯಮೂರ್ತಿಗಳ ಪೀಠ ಗುಜರಾತಿನ ಪೂರ್ಣ ನಿಷೇಧವನ್ನು ಎತ್ತಿಹಿಡಿಯಿತು.

ನೆನಪಿಡಿ: 1964ರಲ್ಲಿ ವಯೋಮಿತಿ 12, 2020ರಲ್ಲಿ 13, ಅದೂ ಎಮ್ಮೆ, ಕೋಣಗಳಿಗೆ ಮಾತ್ರ.