ತೋಟದ ಮನೆಯಲ್ಲಿ ಎರಡು ದಿನ: ವಿಶ್ರಾಂತಿಯೋ, ಆಯಾಸವೋ?

ಶನಿವಾರ ಬೆಳಗಿನ ಜಾವ ಕಾರು ಹತ್ತಿ ಮಲೆನಾಡಿಗೆ ಹೊರಟ ಕುಟುಂಬ ಭಾನುವಾರ ನಡುರಾತ್ರಿ ಮನೆ ಸೇರುತ್ತದೆ. ಸೋಮವಾರ ಯಜಮಾನರಿಗೆ ಮೈಕೈ ನೋವು, ಮಗುವಿಗೆ ಹೊಟ್ಟೆ ಕೆಟ್ಟಿದೆ, ಅಜ್ಜಿಗೆ ತಲೆಸುತ್ತು. ‘ಹವಾ ಬದಲಾವಣೆಗೆಂದು ಹೋದೆವು ಡಾಕ್ಟ್ರೇ, ಇದ್ದ ಆರೋಗ್ಯವೂ ಕೆಟ್ಟಿತು’ ಎಂಬ ಮಾತು ವೈದ್ಯರಿಗೆ ಹೊಸದಲ್ಲ. ತಪ್ಪು ಮಲೆನಾಡಿನದಲ್ಲ, ಆ ಎರಡು ದಿನಗಳನ್ನು ನಾವು ಕಳೆಯುವ ರೀತಿಯದು.

ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಾಫಿ, ಏಲಕ್ಕಿ, ಮೆಣಸು ಬೆಳೆಯುವ ಹೋಬಳಿ. ಈ ಸೀಮೆಯ ಬೆಳೆಗಾರರಲ್ಲಿ ಹಲವರು ಈಗ ತಮ್ಮ ತೋಟದ ಮನೆಯಲ್ಲೇ ಹೋಮ್‌ಸ್ಟೇ ನಡೆಸುತ್ತಾರೆ. ಅಂಥ ಕಡೆ ಎರಡು ದಿನ ಇದ್ದು ಬಂದರೆ ದೇಹಕ್ಕೆ ಆಗುವ ಲಾಭವೇನು?

ದೇಹದೊಳಗಿನ ಗಡಿಯಾರ

ಕತ್ತಲಾದ ಮೇಲೆ ಮಿದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ನಿದ್ರೆಯ ವೇಳೆಯಾಯಿತೆಂದು ದೇಹಕ್ಕೆ ತಿಳಿಸುವುದು ಇದೇ. ಟ್ಯೂಬ್‌ಲೈಟ್, ಟಿವಿ, ಮೊಬೈಲುಗಳ ಬೆಳಕಿನಲ್ಲಿ ಈ ಸ್ರಾವ ತಡವಾಗುತ್ತದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದ ಕೆನೆತ್ ರೈಟ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಾಂತ್ಯವನ್ನು ಬಯಲಿನ ಡೇರೆಯಲ್ಲಿ ಕಳೆದವರಿಗೆ ಮೆಲಟೋನಿನ್ ಒಂದು ಗಂಟೆಗೂ ಹೆಚ್ಚು ಮುಂಚಿತವಾಗಿ ಸ್ರವಿಸತೊಡಗಿತ್ತು. ಭಾಗವಹಿಸಿದವರು ಕೆಲವೇ ಮಂದಿಯಾದರೂ ಪಾಠ ಸ್ಪಷ್ಟ: ಹಗಲು ಬಿಸಿಲು, ರಾತ್ರಿ ಕತ್ತಲೆ ಸಿಕ್ಕರೆ ಎರಡೇ ದಿನಕ್ಕೆ ದೇಹದ ಗಡಿಯಾರ ಸರಿದಾರಿಗೆ ಬರತೊಡಗುತ್ತದೆ.

ಆದರೆ ತೋಟದ ಮನೆಗೆ ಹೋಗಿಯೂ ಮಧ್ಯರಾತ್ರಿಯವರೆಗೆ ಬೆಂಕಿಯ ಸುತ್ತ ಹಾಡು, ಕುಣಿತ, ಮದ್ಯಪಾನ ನಡೆಸಿದರೆ ಈ ಲಾಭವಿಲ್ಲ. ಮದ್ಯ ಬೇಗ ನಿದ್ರೆ ತರಿಸಿದರೂ ನಡುರಾತ್ರಿಯ ನಂತರ ಅದನ್ನು ಕೆಡಿಸುತ್ತದೆ. ಕಾಫಿಯ ನಾಡಿನಲ್ಲಿ ಕಾಫಿ ಬೇಡವೆನ್ನಲಾಗದು. ಆದರೆ ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ದೇಹದಲ್ಲೇ ಇರುತ್ತದೆ. ಆದ್ದರಿಂದ ನಿದ್ರೆ ಬರುವುದಿಲ್ಲವೆನ್ನುವವರು ಮಧ್ಯಾಹ್ನದ ನಂತರ ಅದನ್ನು ಬಿಡುವುದು ಒಳ್ಳೆಯದು.

ಹೊರಡುವ ಮುನ್ನ

ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಎರಡು ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿಯೇ ಇಟ್ಟುಕೊಳ್ಳಿ. ‘ಎರಡು ದಿನ ತಾನೆ’ ಎಂದು ಬಿಡಬೇಡಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಗುಡ್ಡ ಹತ್ತುವಾಗ ಜೇಬಿನಲ್ಲಿ ಸಕ್ಕರೆ ಅಥವಾ ಬಿಸ್ಕತ್ತು ಇಟ್ಟುಕೊಂಡಿರಲಿ. ತಿರುವು ರಸ್ತೆಯಲ್ಲಿ ವಾಂತಿಯಾಗುವವರು ಹೊಟ್ಟೆ ಬಿರಿಯ ತಿನ್ನದೆ, ಸಾಧ್ಯವಾದರೆ ಮುಂದಿನ ಸೀಟಿನಲ್ಲಿ ಕುಳಿತು ದೂರದ ರಸ್ತೆಯನ್ನು ನೋಡಲಿ. ಹತ್ತಿರದ ಆಸ್ಪತ್ರೆ ಎಲ್ಲಿದೆ, ಮೊಬೈಲ್ ಸಿಗ್ನಲ್ ಸಿಗುತ್ತದೆಯೇ ಎಂಬುದನ್ನು ಮನೆಯವರಿಂದ ಮೊದಲೇ ಕೇಳಿ ತಿಳಿಯಿರಿ.

ಇಂಬಳ ಕಚ್ಚಿದರೆ

ಮಳೆಗಾಲದಲ್ಲಿ ಇಂಬಳದ ಕಾಟ ತಪ್ಪಿದ್ದಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಅದರ ಜೊಲ್ಲಿನಲ್ಲಿರುವುದರಿಂದ ಅದು ಬಿದ್ದುಹೋದ ಮೇಲೂ ಬಹಳ ಹೊತ್ತು ರಕ್ತ ಒಸರುತ್ತದೆ. ಗಾಬರಿ ಬೇಡ. ಹಿಡಿದು ಜಗ್ಗದೆ, ಬೆಂಕಿ ತಾಗಿಸದೆ, ಉಗುರನ್ನು ಅದರ ಬಾಯಿಯ ಬಳಿ ಓರೆಯಾಗಿ ತೂರಿಸಿ ಬಿಡಿಸಿ. ಗಾಯವನ್ನು ಸೋಪು ನೀರಿನಿಂದ ತೊಳೆದು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು ಮಾತ್ರ ಹೆಚ್ಚು ಎಚ್ಚರ ವಹಿಸಬೇಕು.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಕೂಡದು. ಕಚ್ಚಿದ ಅಂಗ ಅಲುಗದಂತೆ ಮಾಡಿ, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ತಕ್ಷಣ ಆಸ್ಪತ್ರೆಗೆ ಸಾಗಿಸಿ.

ಆನೆ ಮತ್ತು ನೀರು

ಸಕಲೇಶಪುರ, ಆಲೂರು ಭಾಗದ ಕಾಫಿ ತೋಟಗಳಲ್ಲಿ ಕಾಡಾನೆಗಳ ಓಡಾಟ ಸಾಮಾನ್ಯ. ತೋಟದ ಕಾರ್ಮಿಕರೇ ಜೀವ ಕಳೆದುಕೊಂಡ ಪ್ರಸಂಗಗಳಿವೆ. ಹುಟ್ಟಿ ಬೆಳೆದವರಿಗೇ ಅಪಾಯವಿರುವ ಕಡೆ ಪೇಟೆಯವರು ಸಾಹಸ ತೋರಬಾರದು. ಮುಂಜಾವಿನ ಮಬ್ಬಿನಲ್ಲಿ, ಸಂಜೆಗತ್ತಲಲ್ಲಿ ತೋಟದೊಳಗೆ ತಿರುಗಾಡಬೇಡಿ. ‘ಇವತ್ತು ಆ ಕಡೆ ಬೇಡಿ’ ಎಂದು ಮನೆಯವರು ಹೇಳಿದರೆ ಮರುಮಾತಿಲ್ಲದೆ ಕೇಳಿ. ಅಬ್ಬಿ ಜಲಪಾತಗಳ ಪಾಚಿಗಟ್ಟಿದ ಬಂಡೆಗಳ ಮೇಲೆ ಮಕ್ಕಳನ್ನು ಬಿಡಬೇಡಿ. ಮೇಲೆಲ್ಲೋ ಸುರಿದ ಮಳೆಗೆ ಹಳ್ಳ ದಿಢೀರನೆ ಏರುವುದುಂಟು. ತೊರೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಕಾಯಿಸಿಯೇ ಕುಡಿಯಬೇಕು.

ಬಿಡುವೆಂದರೇನು?

ಮಂಜರಾಬಾದ್ ಕೋಟೆ, ಬೇಲೂರು, ಹಳೇಬೀಡು ಎಲ್ಲವನ್ನೂ ಒಂದೇ ದಿನ ಮುಗಿಸುವುದು ಬಿಡುವಲ್ಲ, ಅದು ಇನ್ನೊಂದು ಕೆಲಸ. ಒಂದು ಜಾಗ ನೋಡಿದರೆ ಸಾಕು. ಬಿಸಿ ಅಕ್ಕಿರೊಟ್ಟಿಯನ್ನು ನಿಧಾನವಾಗಿ ತಿನ್ನಿ. ಜಗಲಿಯಲ್ಲಿ ಕುಳಿತು ಮನೆಮಂದಿಯೊಡನೆ ಮಾತನಾಡಿ. ಭಾನುವಾರ ಮಧ್ಯಾಹ್ನದ ಊಟದ ನಂತರ ಹೊರಟರೆ ರಾತ್ರಿ ಸಾಕಷ್ಟು ನಿದ್ರೆಯೂ ಆಗುತ್ತದೆ, ನಿದ್ದೆಗಣ್ಣಿನಲ್ಲಿ ಕಾರು ಓಡಿಸುವ ಅಪಾಯವೂ ತಪ್ಪುತ್ತದೆ. ಮರಳಿದ ಮೇಲೆ ಜ್ವರ ಬಂದರೆ ತೋಟ, ಕಾಡಿನಲ್ಲಿ ತಿರುಗಾಡಿದ್ದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಉಣ್ಣೆ, ನುಸಿಗಳಿಂದ ಬರುವ ಜ್ವರಗಳನ್ನು ಗುರುತಿಸಲು ಈ ಒಂದು ಮಾತು ನೆರವಾಗುತ್ತದೆ.

ತೋಟದ ಮನೆಯಿಂದ ಕಾಫಿಪುಡಿ, ಮೆಣಸು ತರುವುದು ಸರಿಯೇ. ಜತೆಗೆ ಅಲ್ಲಿಯ ಬೇಗ ಮಲಗುವ ರೂಢಿಯನ್ನೂ ತಂದರೆ ಹೋಗಿಬಂದ ಖರ್ಚು ಸಾರ್ಥಕ.